ಓವನ್ನಿಗಿಂತ ಮೊದಲು ಚಿಕ್ಕಮಾವ

ಮನುಷ್ಯ ಬೆಂಕಿ ಕಂಡುಹಿಡಿದ ಸುದ್ದಿ ಇನ್ನೂ ತಲುಪದ ಒಬ್ಬರೇ ಒಬ್ಬರು ಈ ಭೂಮಿಯ ಮೇಲಿದ್ದರೆ, ಅವರು ನನ್ನ ಗಂಡನ ಚಿಕ್ಕಪ್ಪ. ನನಗೆ ಚಿಕ್ಕಮಾವ. ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಾಗಿದ್ದು ನಿವೃತ್ತರಾದವರು, ಈಗ ಆನೇಮಹಲ್‌ನಲ್ಲಿ ನಮ್ಮ ಪಕ್ಕದ ಮನೆ. ಹಾಗೆಂದು ಅವರು ಹಸಿ ಅಕ್ಕಿ, ಹಸಿ ಸೊಪ್ಪು ತಿಂದು ಬದುಕುವ ಋಷಿಯೇನಲ್ಲ. ಮುದ್ದೆ, ಸಾರು, ಕೋಳಿ ಎಲ್ಲ ಬೆಂದೇ ಆಗಬೇಕು. ನಾನು ಕುಕೀಸಿಗೆಂದು ಕಲಸಿದ ಹಿಟ್ಟು ಮಾತ್ರ ಹಸಿಯಾಗೇ ಬೇಕು!

ಎರಡು ವರ್ಷದ ಹಿಂದೆ ಓವನ್ ತಂದು ಸುತ್ತಲಿನ ಹೋಂಸ್ಟೇಗಳಿಗೆ ಕುಕೀಸ್ ಮಾಡಿಕೊಡಲು ಶುರುಮಾಡಿದೆ. ಮೊದಲ ಆರ್ಡರಿನ ದಿನ ಕೈಕಾಲೇ ಆಡಲಿಲ್ಲ. ತಿನ್ನುವ ಪದಾರ್ಥ, ಬರುವವರೆಲ್ಲ ಮಕ್ಕಳೊಂದಿಗರು. "ಒಬ್ಬರಿಗೆ ಹೊಟ್ಟೆ ಕೆಟ್ಟರೂ ನನ್ನ ಕಥೆ ಮುಗೀತು" ಎಂದು ಮನೆಯವರೆಲ್ಲರ ಎದುರು ಅತ್ತಿದ್ದೆ. ಎಲ್ಲರೂ ಸಮಾಧಾನ ಹೇಳಿದರು. ಚಿಕ್ಕಮಾವ ಎದ್ದು ಮನೆಗೆ ಹೋದರು. ಮರುದಿನ ಚಮಚ ಹಿಡಿದು ಬಂದರು.

ಅಂದಿನಿಂದ ಅದೇ ಪಾಡು. ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ ಸೇರಿ ಒಂದು ಹದಕ್ಕೆ ಬಂತೋ ಇಲ್ಲವೋ, ಬಾಗಿಲಲ್ಲಿ ಅವರು ಹಾಜರು. ಆಳುಗಳ ಹಾಜರಿ ಬರೆಯಲು ಪೆನ್ನು ಇಟ್ಟುಕೊಳ್ಳುತ್ತಿದ್ದ ಜೇಬಿನಲ್ಲಿ ಈಗ ಚಮಚ. ಒಂದು ಉಂಡೆಯಷ್ಟು ಎತ್ತಿ, ಮುಖ ಕಿವುಚಿಕೊಂಡು ನುಂಗಿ, ಜಗಲಿಯಲ್ಲಿ ಕೂತು ಹೆದ್ದಾರಿಯ ಲಾರಿ ನೋಡುತ್ತಿದ್ದರು. ಕದ್ದು ತಿನ್ನುವವರಿಗೂ ಒಂದು ನಾಚಿಕೆ ಇರುತ್ತದೆ. ಇವರು ನಾನು ನೋಡುತ್ತಿರುವಾಗಲೇ ತಿನ್ನುತ್ತಿದ್ದರು! ಅಷ್ಟು ಮುಖ ಕಿವುಚುವವರು ಯಾಕೆ ತಿನ್ನಬೇಕು ಹೇಳಿ? ಚಪಲ, ಮತ್ತೇನು.

ನಾನೂ ಸುಮ್ಮನೆ ಬಿಡಲಿಲ್ಲ. ಮನೆಯಲ್ಲೇ ತಿಂಡಿ ಮಾಡಿ ಮಾರುವವರಿಗೆಂದು ನಡೆದ ತರಬೇತಿಗೆ ಹೋಗಿ ಬಂದವಳು ನಾನು. ಗೋಡೆಗೆ ಸರ್ಟಿಫಿಕೇಟನ್ನೂ ಹಾಕಿಕೊಂಡವಳು.

"ಮಾವ, ಹಸಿ ಮೊಟ್ಟೆಯಲ್ಲಿ ಕ್ರಿಮಿ ಇರ್ತದೆ. ಮೈದಾದಲ್ಲೂ ಇರ್ತದೆ. ಹೊಲದಿಂದ ಬಂದ ಗೋಧಿಯನ್ನ ಮಿಲ್ಲಿನಲ್ಲಿ ಬೀಸ್ತಾರೆ ಅಷ್ಟೇ, ಯಾರೂ ಬೇಯಿಸಲ್ಲ. ಓವನ್ನಿಗೆ ಹೋದ ಮೇಲೇ ಅದು ತಿನ್ನೋ ಪದಾರ್ಥ."

"ತಂಬಿಟ್ಟು ತಿನ್ನಕಿಲ್ವಾ ನೀನು? ಅದನ್ನ ಯಾವ ಓವನ್ನಿಗೆ ಇಕ್ಕಿದ್ರು?"

"ತಂಬಿಟ್ಟಿಗೆ ಮೊದಲೇ ಹುರಿದಿರ್ತಾರೆ ಮಾವ!"

"ಹೊಟ್ಟೆ ಒಳಗೂ ಬೆಂಕಿ ಐತೆ ಕಣವ್ವ" ಎಂದು ಚಮಚ ನೆಕ್ಕಿ ಹೊರಟೇಬಿಟ್ಟರು. ನನ್ನ ಸರ್ಟಿಫಿಕೇಟಿಗೆ ಅಷ್ಟೇ ಮರ್ಯಾದೆ!

ಯಸಳೂರು ಕಡೆಯ ಹೋಂಸ್ಟೇ ಒಂದರ ಯಜಮಾನಿ ನನ್ನ ಅಡುಗೆಮನೆ ನೋಡಲೆಂದೇ ಒಮ್ಮೆ ಬಂದಿದ್ದರು. ನೆಲ ಒರೆಸಿ, ಏಪ್ರನ್ ಕಟ್ಟಿ, ತಲೆಗೆ ಟೋಪಿ ಹಾಕಿ ನಿಂತಿದ್ದೇನೆ. ಫ್ರಿಜ್ಜಿನ ಹಿಂದಿನಿಂದ ಚಿಕ್ಕಮಾವ ಎದ್ದು ಬಂದರು, ಮೀಸೆ ತುಂಬ ಹಿಟ್ಟು! "ಇವರು ಯಾರು?" ಎಂದರು ಆಕೆ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮಾವ "ನಾನು ಚೆಕಿಂಗು" ಎಂದರು. ಆಕೆ ನಕ್ಕು ಆರ್ಡರ್ ಕೊಟ್ಟರು, ಪುಣ್ಯ.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಒಂದು ಉಂಡೆಗೆ ಎರಡು ಚಮಚ ಬ್ಯಾಡಗಿ, ಒಂದು ಚಮಚ ಗುಂಟೂರು ಖಾರದ ಪುಡಿ ಬೆರೆಸಿ ಪಾತ್ರೆಯ ಮೇಲ್ಗಡೆಯೇ ಇಟ್ಟೆ. ಪಾಪ ಅನ್ನಬೇಡಿ, ನನ್ನ ಜಾಗದಲ್ಲಿದ್ದು ನೋಡಿ! ಬಂದರು. ನುಂಗಿದರು. ಕಣ್ಣಲ್ಲಿ, ಮೂಗಲ್ಲಿ ನೀರು. ಎರಡು ಚೊಂಬು ಮಜ್ಜಿಗೆ ಕುಡಿದು ಉಸಿರು ಎಳೆದುಕೊಂಡು, "ಇದನ್ನ ಮಾತ್ರ ಕಳಿಸಬ್ಯಾಡ ಮಗಾ, ಮಕ್ಳು ತಡ್ಕಳಕಿಲ್ಲ" ಎಂದರು. ಬೈಯುತ್ತಾರೇನೋ ಎಂದು ಕಾದಿದ್ದ ನನಗೆ ನಿರಾಸೆಯೇ ಆಯಿತು. ಮಾನಗೆಟ್ಟವರ ಮಾನ ತೆಗೆಯುವುದು ಹೇಗೆ?

ಕಳೆದ ತಿಂಗಳು ಬೆಳಗೋಡಿನ ಸಂತೆಯಿಂದ ಮೊಟ್ಟೆ ತಂದಿದ್ದೆ. ಒಂದೆರಡು ಬಿರುಕು ಬಿಟ್ಟಿದ್ದವು, ಅವನ್ನು ಎಸೆದು ಉಳಿದವುಗಳಲ್ಲಿ ಹಿಟ್ಟು ಕಲಸಿದೆ. ಚಿಕ್ಕಮಾವ ಎಂದಿನಂತೆ ತಿಂದರು. ನಾನು ಬೇಯಿಸಿ, ಡಬ್ಬಕ್ಕೆ ತುಂಬಿ, ಯಸಳೂರಿನ ಬಸ್ಸಿಗೆ ಹಾಕಿದೆ. ಮರುದಿನ ಬೆಳಿಗ್ಗೆ ಅವರಿಗೆ ವಾಂತಿ, ಭೇದಿ, ಜ್ವರ. ಮಧ್ಯಾಹ್ನದ ಹೊತ್ತಿಗೆ ಸಕಲೇಶಪುರದ ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್.

ನನಗೆ ಬಂದ ಸಿಟ್ಟಿಗೆ ಅಳತೆ ಇರಲಿಲ್ಲ. ಡಾಕ್ಟರು ಏನು ತಿಂದರು ಎಂದು ಕೇಳಿದಾಗ ಎರಡು ವರ್ಷದ ಪುರಾಣ ಒಂದೇ ಉಸಿರಿಗೆ ಒಪ್ಪಿಸಿದೆ. ನಾಳೆ ಊರವರು ಏನನ್ನುತ್ತಾರೆ? ಇವಳ ಬಿಸ್ಕತ್ತು ತಿಂದು ಇವಳ ಮಾವನೇ ಆಸ್ಪತ್ರೆ ಸೇರಿದ ಅನ್ನುತ್ತಾರೆ! ಹೋಂಸ್ಟೇಗೆ ಫೋನ್ ಮಾಡಿದೆ. "ಎಲ್ಲರೂ ಹುಷಾರಾಗಿದ್ದಾರಾ?" ಎಂದರೆ, "ಡಬ್ಬ ಖಾಲಿ, ಇನ್ನೊಂದು ಕಳಿಸಿ" ಎಂದರು ಆಕೆ. ಬೆಂದದ್ದನ್ನು ತಿಂದವರು ಗುಂಡುಕಲ್ಲಿನ ಹಾಗಿದ್ದಾರೆ, ಹಸಿ ತಿಂದ ಮಹಾನುಭಾವರು ಮಲಗಿದ್ದಾರೆ. ನಾನು ಹೇಳಿದ್ದೇ ಸರಿಯಾಯಿತಲ್ಲ!

"ಈ ವಯಸ್ಸಿಗೆ ಇಷ್ಟು ಚಪಲ ಇರಬಾರದು ಅತ್ತೆ" ಎಂದೆ, ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತಿದ್ದ ಚಿಕ್ಕತ್ತೆಗೆ.

ಅವರು ನನ್ನ ಮುಖವನ್ನೇ ನೋಡಿದರು. "ಚಪಲವಾ? ಕಾಫಿಗೂ ಸಕ್ಕರೆ ಹಾಕಿಸ್ಕಳಲ್ಲ ಕಣೇ ಅವ್ರು. ಸಿಹಿ ಕಂಡ್ರೆ ಆಗಕಿಲ್ಲ."

"ಮತ್ತೆ ಯಾಕೆ?"

"ಎಸ್ಟೇಟ್ನಾಗೆ ಇದ್ದಾಗ ಆಳುಗಳು ಅಣಬೆ ತಂದು ಕೊಡೋರು. ಇವ್ರು ಮೊದ್ಲು ಒಬ್ರೇ ತಿನ್ನೋರು. ಅರ್ಧ ದಿನ ಜಗಲೀಲಿ ಕೂತು, ಏನೂ ಆಗ್ಲಿಲ್ಲ ಅಂದ್ರೆ ಆಮೇಲೆ ಮಕ್ಳಿಗೆ ಬಡಿಸೋದು. ಒಬ್ಬರಿಗೆ ಹೊಟ್ಟೆ ಕೆಟ್ರೂ ಮುಗೀತು ಅಂತ ನೀನು ಅವತ್ತು ಅತ್ತಿದ್ಯಲ್ಲ ಮಾರಾಯ್ತಿ, ಅವತ್ತಿಂದ ನಿನ್ನ ಬಿಸ್ಕತ್ತಿಗೂ ಅದೇ. ಬೆಂದು ಡಬ್ಬಕ್ಕೆ ಹೋಗ್ಬುಟ್ರೆ ತಡಿಯಾಕಾಗಕಿಲ್ಲ ಅಂತ ಹಿಟ್ಟಿದ್ದಾಗ್ಲೇ ತಿನ್ನೋರು. ಬ್ಯಾಡ ಅಂದ್ರೆ, ಮೊದ್ಲು ನಂಗೇ ಆಗ್ಲಿ ಬುಡು ಅನ್ನೋರು."

ಖಾರದ ಪುಡಿ ಬೆರೆಸಿದ ಕೈಯನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ.

ಒಳಗೆ ಹೋದೆ. ಚಿಕ್ಕಮಾವ ಕಣ್ಣು ಬಿಟ್ಟರು. ಒಂದೇ ದಿನಕ್ಕೆ ಇಷ್ಟೇ ಇಷ್ಟಾಗಿದ್ದರು.

"ಆ ಹಿಟ್ಟಿಂದು ಯಾರಿಗೂ ಕಳಿಸ್ಲಿಲ್ಲ ತಾನೆ?"

"ಬೇಯಿಸಿ ಕಳಿಸಿದೆ ಮಾವ. ಎಲ್ಲರೂ ತಿಂದು ಆರಾಮಾಗಿದ್ದಾರೆ. ಓವನ್ನಿನ ಕಾವಿಗೆ ಆ ಕ್ರಿಮಿ ಉಳಿಯಲ್ಲ."

ಅವರು ಡ್ರಿಪ್ಪಿನ ಕೈ ಸರಿಸಿ ನನ್ನ ಕಡೆ ಹೊರಳಿದರು. ಆಮೇಲೆ ಮೆಲ್ಲಗೆ, "ಅಂಗಾರೆ ಇಷ್ಟು ದಿನ ನಾ ತಿಂದಿದ್ದೆಲ್ಲ ದಂಡವಾ ಮಗಾ?" ಎಂದರು.

ಇಂಥದೊಂದು ಪ್ರಶ್ನೆಗಾಗಿ ನಾನು ಎರಡು ವರ್ಷ ಕಾದಿದ್ದೆ. ಹೌದು ಎನ್ನಲು ಸರ್ಟಿಫಿಕೇಟೂ ಇತ್ತು.

"ದಂಡ ಅಂತ ಯಾರು ಹೇಳಿದ್ದು?" ಎಂದು ಅವರ ಕೈ ಹಿಡಿದುಕೊಂಡೆ. "ನೀವು ತಿಂದು ಕೂತಿದ್ದಕ್ಕೇ ಮಾವ, ಒಬ್ಬರಿಗೂ ಏನೂ ಆಗಿಲ್ಲ."