ಭಾರದವು ನಡುವೆ, ಹಗುರಾದವು ಹೊರಗೆ

ನಕ್ಷತ್ರಗಳ ಬಗ್ಗೆ ಮಾತಾಡಲು ಎಲ್ಲಿಗೆ ಹೋದರೂ ಏನಾದರೊಂದು ಆಗಿಯೇ ಆಗುತ್ತದೆ. ತಪ್ಪು ನಕ್ಷತ್ರಗಳದ್ದಲ್ಲ. ನನ್ನದೂ ಅಲ್ಲವೆಂದು ನಂಬಿದ್ದೇನೆ.

ಭೌತಶಾಸ್ತ್ರದ ಎಂ.ಎಸ್ಸಿ. ಮುಗಿದ ಮೇಲೆ ವಿಜ್ಞಾನ ಪ್ರಚಾರದ ಒಂದು ಸಂಸ್ಥೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ದಾಂಡೇಲಿ, ಜೋಯಿಡಾ, ಮುಂಡಗೋಡ, ಹಳಿಯಾಳ ಸುತ್ತಿ ಭಾಷಣ ಮಾಡಬೇಕು. ವಿಷಯ ನಾನೇ ಆರಿಸಿಕೊಂಡೆ: ದಟ್ಟ ನಕ್ಷತ್ರಗುಚ್ಛ. ಲಕ್ಷಾಂತರ ನಕ್ಷತ್ರಗಳು ಒಂದೇ ಕಡೆ ಕಿಕ್ಕಿರಿದು, ಒಂದನ್ನೊಂದು ಎಳೆಯುತ್ತ ಸುತ್ತುತ್ತವೆ. ಈ ಎಳೆದಾಟದಲ್ಲಿ ಭಾರವಾದವು ವೇಗ ಕಳೆದುಕೊಂಡು ನಡುವಿಗೆ ಇಳಿಯುತ್ತವೆ. ಆ ವೇಗ ಪಡೆದ ಹಗುರಾದವು ಅಂಚಿಗೆ ಹೋಗುತ್ತವೆ. ಕೆಲವು ಗುಚ್ಛವನ್ನೇ ಬಿಟ್ಟು ಹೋಗುತ್ತವೆ. ಇಷ್ಟೇ.

ಸಂಸ್ಥೆಯ ಸಾಹೇಬರು ದಪ್ಪನೆಯ, ಶಿಸ್ತಿನ ಮನುಷ್ಯ. ಮೊದಲ ದಿನವೇ ಹೇಳಿದರು: "ಕಡೀ ಕಾರ್ಯಕ್ರಮ ಹಳಿಯಾಳದಾಗ. ನಾನ ಬಂದು ಕೂಡ್ತೇನಿ. ಭಾರದ್ದು ಯಾಕ ನಡುವ ಬರ್ತದ ಅಂತ ಒಬ್ಬ ಹುಡುಗ ತನ್ನ ಮಾತಿನಾಗ ಹೇಳಿದ್ರ ನಿಮ್ಮ ನೌಕರಿ ಖಾಯಂ. ಹೇಳಲಿಲ್ಲಂದ್ರ ನಮಸ್ಕಾರ."

ಮನೆಗೆ ಬಂದು ನೋಡಿದರೆ, ನೌಕರಿ ಖಾಯಂ ಆಯಿತೆಂದು ಅವ್ವ ಮಿಲ್ ಕಾಲನಿಯ ಮನೆಮನೆಗೂ ಪೇಢೆ ಹಂಚಿ ಮುಗಿಸಿದ್ದಳು.

"ಇನ್ನೂ ಆಗಿಲ್ಲವ್ವಾ."

"ಎಲ್ಲಾರೂ ಪೇಢೆ ತಿಂದಾರ. ಈಗ ಆಗಾಕ ಬೇಕು."

ಜೋಡಿ ನಕ್ಷತ್ರ

ಮೊದಲ ಭಾಷಣ ದಾಂಡೇಲಿಯಲ್ಲಿ, ನಮ್ಮ ಕಾಲನಿಯ ಮಹಿಳಾ ಮಂಡಳದವರ ಮುಂದೆ. "ಎರಡು ನಕ್ಷತ್ರ ಜೋಡಿಯಾಗಿ ಸುತ್ತುತ್ತಿರುತ್ತವೆ. ಆ ದಟ್ಟಣೆಯಲ್ಲಿ ಮೂರನೆಯದೊಂದು ಭಾರದ ನಕ್ಷತ್ರ ಹತ್ತಿರ ಬಂದರೆ, ಸಾಮಾನ್ಯವಾಗಿ ಜೋಡಿಯಲ್ಲಿ ಹಗುರಾದದ್ದು ಹೊರಬೀಳುತ್ತದೆ. ಬಂದದ್ದು ಅದರ ಜಾಗದಲ್ಲಿ ಕೂಡುತ್ತದೆ" ಎಂದೆ.

ಸಭೆ ಗಂಭೀರವಾಯಿತು.

"ಹಗುರಾದದ್ದು ಏನೂ ತಪ್ಪು ಮಾಡಿರಂಗಿಲ್ಲೇನು?" ಎಂದು ಒಬ್ಬರು ಕೇಳಿದರು.

"ಇಲ್ಲರಿ. ಹಗುರ ಇರೂದಷ್ಟ."

ಮರುದಿನ ಬೆಳಿಗ್ಗೆ, ತೂಕ ಇಳಿಸಲೆಂದು ದಿನವೂ ವಾಕಿಂಗ್ ಹೋಗುತ್ತಿದ್ದ ಪಕ್ಕದ ಮನೆಯ ಕಾಕು ಕಟ್ಟೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

"ಇವತ್ತ ವಾಕಿಂಗ್ ಇಲ್ಲೇನ್ರಿ ಕಾಕು?"

"ಸಾಕವಾ. ಇಷ್ಟು ವರ್ಷ ಸಂಸಾರ ಮಾಡೇನಿ. ಈಗ ಹಗುರಾಗಿ ಜಾಗಾ ಯಾಕ ಕಳಕೊಳ್ಳಲಿ?"

ಕುಂಬಾರವಾಡದ ಬಸ್ಸು

ಮುಂದಿನ ಭಾಷಣ ಜೋಯಿಡಾ ಕಡೆಯ ಕುಂಬಾರವಾಡದ ಶಾಲೆಯಲ್ಲಿ. ಆ ಕಡೆ ಬಸ್ಸು ಅಪರೂಪ. ಬಂದ ಬಸ್ಸಿನಲ್ಲಿ ಊರೇ ಹತ್ತಿರುತ್ತದೆ. ನಕ್ಷತ್ರದ ಪಟಗಳ ಸುರುಳಿಯನ್ನು ಕಂಡಕ್ಟರ್ ಕೈಗೆ ಕೊಟ್ಟು, ಹೇಗೋ ನಡುವೆ ನಿಂತೆ. ಸೂಪಾ ದಾಟಿದ ಮೇಲೆ ತಿರುವುಗಳು ಶುರುವಾದವು. ಅಕ್ಕಿ ಚೀಲದವರು, ಹಲಸಿನಹಣ್ಣಿನವರು ಇದ್ದಲ್ಲೇ ಗಟ್ಟಿಯಾದರು. ನಾನು ತಿರುವಿಗೊಂದು ಸೀಟಿನಂತೆ ಸರಿಯುತ್ತ ಬಾಗಿಲಿಗೆ ಬಂದೆ.

ಒಂದು ಸ್ಟಾಪಿನಲ್ಲಿ ಕಂಡಕ್ಟರ್, "ಯವ್ವಾ, ಸ್ವಲ್ಪ ಇಳಿದು ದಾರಿ ಬಿಡು, ಆಮ್ಯಾಲೆ ಹತ್ತೀಯಂತ" ಎಂದರು. ಇಳಿದೆ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಬಾಗಿಲು ಮುಚ್ಚಿತು. ಬಸ್ಸು ಹೋಯಿತು.

ಕಾಡಿನ ನಡುವೆ ಒಬ್ಬಳೇ ನಿಂತಿದ್ದಾಗ ಶಾಲೆಯ ಹೆಡ್‌ಮಾಸ್ತರರ ಫೋನು ಬಂತು. ಸಿಗ್ನಲ್ ಇದ್ದದ್ದು ಪುಣ್ಯ.

"ಟೀಚರ್, ಕಂಡಕ್ಟರ್ ಪಟ ಕೊಟ್ಟು ಹೋದ್ರು. ನೀವು ಎಲ್ಲಿ?"

ನಡೆದದ್ದನ್ನು ಹೇಳಿದೆ. ಅವರು ಪಟ ಬಿಚ್ಚುವ ಸದ್ದು ಕೇಳಿಸಿತು.

"ಹಗುರಾದವು ಗುಚ್ಛದಿಂದ ಹೊರಬೀಳುತ್ತವೆ ಅಂತ ಇಲ್ಲೇ ಬರದೈತಲ್ರಿ. ನಿಮ್ಮ ಪ್ರಾಕ್ಟಿಕಲ್ ಮುಗೀತು. ಥಿಯರಿ ನಾವ ಮಾಡ್ಕೋತೇವಿ. ನೀವು ಸಂಜಿ ಬಸ್ಸಿಗೆ ವಾಪಸ್ ಹೋಗ್ರಿ."

ಹರೆಯದ ಬಣ್ಣ

ಮುಂಡಗೋಡ ಹತ್ತಿರದ ಒಂದು ಹಳ್ಳಿ ಶಾಲೆ. ವೇದಿಕೆಯ ಮೇಲೆ ಶಾಲಾ ಸಮಿತಿಯ ಅಧ್ಯಕ್ಷರು, ಗೋವಿನಜೋಳದ ವ್ಯಾಪಾರಿ. ಎಪ್ಪತ್ತು ದಾಟಿದ ವಯಸ್ಸು, ಕಾಡಿಗೆಯಂಥ ಕೂದಲು.

"ಗುಚ್ಛದಲ್ಲಿ ಉಳಿದವೆಲ್ಲ ಮುದಿಯಾಗಿರುವಾಗ ಕೆಲವು ಮಾತ್ರ ನೀಲಿಯಾಗಿ ಹೊಳೆಯುತ್ತ ಹರೆಯದವುಗಳ ಹಾಗೆ ಕಾಣುತ್ತವೆ. ಎರಡು ಹಳೆಯ ನಕ್ಷತ್ರ ಡಿಕ್ಕಿ ಹೊಡೆದು ಒಂದಾದರೆ ಹೀಗಾಗುತ್ತದೆ" ಎಂದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಅಧ್ಯಕ್ಷರನ್ನೇ ಬಹಳ ಹೊತ್ತು ನೋಡಿ ಎದ್ದು ನಿಂತಳು.

"ಅಜ್ಜಾರ, ನೀವು ಯಾರಿಗೆ ಡಿಕ್ಕಿ ಹೊಡದೀರಿ?"

ಶಿಕ್ಷಕರೆಲ್ಲ ಚಾವಣಿ ನೋಡತೊಡಗಿದರು. ಅಧ್ಯಕ್ಷರು ತಲೆ ಸವರಿಕೊಂಡರು.

"ಎಮ್ಮಿಗವಾ. ಅದರ ಬಣ್ಣ ಹತ್ತೈತಿ."

ಹಳಿಯಾಳದ ಅಖಾಡ

ಹಳಿಯಾಳ ಕುಸ್ತಿಯ ಊರು. ಶಾಲೆಯ ಮೈದಾನದಲ್ಲಿ ನೀರು ನಿಂತಿತ್ತು. ಪಕ್ಕದ ಗರಡಿಮನೆಯವರು ತಮ್ಮ ಅಖಾಡವನ್ನೇ ಕೊಟ್ಟರು. ಅದನ್ನು ನೋಡಿದ್ದೇ ನನಗೊಂದು ಉಪಾಯ ಹೊಳೆಯಿತು. ಶಾಲೆಯ ಹುಡುಗರು ಹಗುರ ನಕ್ಷತ್ರ, ಪೈಲ್ವಾನರು ಭಾರದ ನಕ್ಷತ್ರ. ಎಲ್ಲರೂ ಅಖಾಡದಲ್ಲಿ ಬೇಕಾದತ್ತ ಸುತ್ತಬೇಕು. ಎದುರಾದವರು ಕೈ ಹಿಡಿದು ಬಿಡಬೇಕು. ಆಮೇಲೆ ಭಾರದವರು ನಿಧಾನವಾಗಿ ನಡುವಿಗೆ, ಹಗುರದವರು ಜೋರಾಗಿ ಅಂಚಿಗೆ. ಎಲ್ಲ ಸ್ಪಷ್ಟವಾಗಿ ಹೇಳಿಕೊಟ್ಟೆ.

ಸಾಹೇಬರು ಎದುರಿನ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸೀಟಿ ಊದಿದೆ. ಮೊದಲು ಎದುರಾದವರು ಇಬ್ಬರು ಪೈಲ್ವಾನರು. ಹೇಳಿದಂತೆ ಕೈ ಹಿಡಿದರು. ಬಿಡಲಿಲ್ಲ. ಒಬ್ಬ ಇನ್ನೊಬ್ಬನ ಕುತ್ತಿಗೆಗೆ ಕೈ ಹಾಕಿದ. ಅದನ್ನು ನೋಡಿ ಉಳಿದ ಪೈಲ್ವಾನರೂ ಜೋಡಿಯಾದರು.

ನನ್ನ ಪಕ್ಕದಲ್ಲಿ ಅವರ ಗುರು, ವಸ್ತಾದರು, ನಿಂತಿದ್ದರು. "ಕೈ ಹಿಡಿದು ಬಿಡ್ರಿ ಅಂದಿದ್ನಲ್ರಿ" ಎಂದೆ.

"ಅಖಾಡದಾಗ ಕೈ ಕೊಟ್ಟ ಮ್ಯಾಲೆ ಬಿಡೂದು ಎಲ್ಲಿಂದ ಬರ್ತದವಾ? ಕೈ ಕೊಟ್ಟಾಂವ ಕುಸ್ತಿಗೆ ಒಪ್ಪಿದ್ಹಂಗ."

ನೌಕರಿ ಹೋಯಿತು ಎಂದುಕೊಂಡೆ. ಕುಸ್ತಿ ಮುಗಿಯುವ ಹೊತ್ತಿಗೆ ಸೋತವರೂ ಗೆದ್ದವರೂ ನಡುವೆ ಏದುಸಿರು ಬಿಡುತ್ತಿದ್ದರು. ಹುಡುಗರೆಲ್ಲ ಅಂಚಿನಲ್ಲಿದ್ದರು. ಸಾಹೇಬರು ಹತ್ತಿರದ ಹುಡುಗನನ್ನು ಕರೆದು, "ಭಾರದ್ದೆಲ್ಲಾ ಯಾಕ ನಡುವ ಐತಿ?" ಎಂದು ಕೇಳಿದರು.

"ಗುದ್ದಾಡಿ ಗುದ್ದಾಡಿ ಜೋರ್ ಹೋಗಿ ಅಲ್ಲೇ ಕುಂತಾರ್ರಿ. ನಾವು ಧಕ್ಕಾ ತಿಂದು ಓಡಿ ಅಂಚಿಗೆ ಬಂದ್ವಿ. ಭಾಳ ಧಕ್ಕಾ ತಿಂದಾಂವ ಒಬ್ಬ ಗ್ವಾಡಿ ಜಿಗದು ಮನಿಗೇ ಹೋದ್ರಿ."

ನಾನೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಸಾಹೇಬರ ಮುಖ ಅರಳಿತು. ಎದ್ದವರೇ, ಗೆದ್ದ ಪೈಲ್ವಾನನನ್ನು ಅಭಿನಂದಿಸಲು ಅಖಾಡಕ್ಕೆ ಇಳಿದರು. ಅಷ್ಟು ದೂರದಲ್ಲಿದ್ದ ಅವರಿಗೆ ವಸ್ತಾದರ ಮಾತು ಕೇಳಿಸಿರಲಿಲ್ಲ. ಬಲಗೈ ಚಾಚಿದರು.

"ಸಾಹೇಬ್ರ, ಕೈ..." ಎಂದು ನಾನು ಕೂಗುವಷ್ಟರಲ್ಲಿ ಕೈ ಕೂಡಿತ್ತು.

ಪೈಲ್ವಾನ ವಸ್ತಾದರ ಮುಖ ನೋಡಿದ. ವಸ್ತಾದರು ಒಂದೇ ಮಾತು ಹೇಳಿದರು: "ಸಾವಕಾಶ."

ಪೈಲ್ವಾನ ಬಹಳ ಗೌರವದಿಂದ ಸಾಹೇಬರನ್ನು ಎತ್ತಿ, ಕೂಸನ್ನು ತೊಟ್ಟಿಲಿಗೆ ಹಾಕುವಂತೆ, ಕೆಂಪು ಮಣ್ಣಿನ ಮೇಲೆ ಅಂಗಾತ ಮಲಗಿಸಿದ. ಹುಡುಗರು ಚಪ್ಪಾಳೆ ತಟ್ಟಿದರು.

ಓಡಿಹೋಗಿ, ಎಬ್ಬಿಸಲೆಂದು ಬಗ್ಗಿ ಕೈ ಚಾಚಿದೆ. ಸಾಹೇಬರು ತಟ್ಟನೆ ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡರು.

"ನೌಕರಿ ಖಾಯಂ ಆತು. ಕೈ ಮಾತ್ರ ಕೊಡಬ್ಯಾಡ್ರಿ."