ರೋಜಿಯ ಮೊದಲ ಪಂಚಮಿ

ಪ್ರತಿಯೊಬ್ಬ ಮನುಷ್ಯನಿಗೂ ಹೇಳಿಕೊಳ್ಳಬಹುದಾದ ಭಯ ಒಂದು, ಹೇಳಿಕೊಳ್ಳಲಾಗದ ಭಯ ಒಂದು ಇರುತ್ತದೆ. ಹಾವಿಗೆ ಹೆದರುತ್ತೇನೆ ಎಂದರೆ ಯಾರೂ ನಗುವುದಿಲ್ಲ, ತಮ್ಮದೂ ಒಂದು ಹಾವಿನ ಕತೆ ಹೇಳಿ ನಮ್ಮನ್ನು ಸಮಾಧಾನಪಡಿಸುತ್ತಾರೆ. ಇಂಜೆಕ್ಷನ್ನಿಗೆ ಹೆದರುತ್ತೇನೆ ಎಂದರೂ ನಡೆಯುತ್ತದೆ. ಆದರೆ ಮೀಸೆ ಬಂದಿರುವ, ರಾಯಚೂರಿನ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ದಿನವಿಡೀ ಚೀಲಗಳನ್ನು ಎಣಿಸಿ ಗೀಟು ಹಾಕುವ ಗಂಡಸು ‘ನನಗೆ ಗೊಂಬೆ ಕಂಡರೆ ಭಯ’ ಎಂದು ಯಾರ ಮುಂದೆ ಹೇಳಬೇಕು? ಆದ್ದರಿಂದ ನಿಮ್ಮ ಮುಂದೆ ಹೇಳುತ್ತಿದ್ದೇನೆ. ನೀವು ನಮ್ಮ ಓಣಿಯವರಲ್ಲ ಎಂಬ ನಂಬಿಕೆಯಿದೆ.

ಈ ಭಯ ಹುಟ್ಟಿನಿಂದ ಬಂದದ್ದಲ್ಲ, ನಾನೇ ದುಡಿದು ಗಳಿಸಿದ್ದು. ಕೊಲ್ಲುವ ಗೊಂಬೆಗಳ ಸಿನಿಮಾ ಎಂದರೆ ನನಗೆ ಊಟಕ್ಕಿಂತ ಹೆಚ್ಚು. ನೋಡಿದ ಪ್ರತಿ ಸಿನಿಮಾವನ್ನೂ ದಿನಚರಿಯಲ್ಲಿ ತಾರೀಖು ಸಹಿತ ಬರೆದಿಡುತ್ತೇನೆ. ಎಷ್ಟು ಸಲ ಕಣ್ಣು ಮುಚ್ಚಿದೆ ಎನ್ನುವುದಕ್ಕೆ ಗೀಟು, ಐದು ಗೀಟಿಗೊಂದು ಅಡ್ಡಗೀಟು. ಕೆಲವು ಸಿನಿಮಾಗಳ ಪುಟ ನೋಡಿದರೆ ಹೊಲಕ್ಕೆ ಬೇಲಿ ಹಾಕಿದಂತಿದೆ. ಅಂಥ ಸಿನಿಮಾವನ್ನು ನೋಡಿದೆ ಎನ್ನುವುದಕ್ಕಿಂತ ಕೇಳಿದೆ ಎನ್ನುವುದೇ ಸರಿ.

ಇಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರಿಂದ ಕೆಲವು ನಿಯಮಗಳು ಗೊತ್ತಾಗಿವೆ. ಗೊಂಬೆ ಮಾತಾಡಿತು ಎಂದು ಮಗು ಹೇಳುತ್ತದೆ, ತಾಯಿ ನಂಬುವುದಿಲ್ಲ. ಗೊಂಬೆಯನ್ನು ಕಸದ ಡಬ್ಬಿಗೆ ಹಾಕಿದರೆ ಬೆಳಿಗ್ಗೆ ಅದು ಕುರ್ಚಿಯ ಮೇಲೆ ಕೂತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ನಿಯಮ: ಗೊಂಬೆ ಮೊದಲು ಕೊಲ್ಲುವುದು ತಂದೆಯನ್ನೂ ಅಲ್ಲ, ತಾಯಿಯನ್ನೂ ಅಲ್ಲ. ಆ ಮನೆಯಲ್ಲಿ ಬಂದು ಉಳಿದುಕೊಂಡಿರುವ, ಮದುವೆಯಾಗದ, ಸ್ವಲ್ಪ ಹಾಸ್ಯ ಮಾಡುವ ಒಬ್ಬ ನೆಂಟನಿರುತ್ತಾನೆ, ಅವನನ್ನು. ನಾನು ದೇವದುರ್ಗದವನು. ನೌಕರಿಗಾಗಿ ರಾಯಚೂರಿನಲ್ಲಿ ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದೇನೆ. ಮದುವೆಯಾಗಿಲ್ಲ. ಹಾಸ್ಯವನ್ನು ಈಗ ಕಡಿಮೆ ಮಾಡಿದ್ದೇನೆ.

ಇಂಥ ಮನೆಗೆ ನಮ್ಮ ಭಾವ ಹೈದರಾಬಾದಿನಿಂದ ಗೊಂಬೆ ತಂದರು. ಅಕ್ಕನ ಮಗಳು ಪಲ್ಲುವಿಗೆ ಆಗ ಏಳು ತುಂಬಿತ್ತು, ಹುಟ್ಟುಹಬ್ಬದ ಉಡುಗೊರೆ. ಮಂಡಿಯೆತ್ತರದ ಗೊಂಬೆ, ಕೆಂಚು ಕೂದಲು, ನೀಲಿ ಕಣ್ಣು. ಮಲಗಿಸಿದರೆ ಕಣ್ಣು ಮುಚ್ಚಬೇಕು. ಎಡಗಣ್ಣು ಮುಚ್ಚುತ್ತಿತ್ತು, ಬಲಗಣ್ಣು ಅರ್ಧಕ್ಕೆ ನಿಂತು ಯಾರು ಬಂದರು, ಯಾರು ಹೋದರು ಎಂದು ನೋಡುತ್ತಿತ್ತು. ಮುಟ್ಟಿದರೆ ‘ಮಮ್ಮೀ, ಮೇರೇ ಸಾಥ್ ಖೇಲೋ’, ಅಮ್ಮಾ ನನ್ನ ಜೊತೆ ಆಡು, ಎಂದು ಹಿಂದಿಯಲ್ಲಿ ಹೇಳುತ್ತಿತ್ತು. ನಮ್ಮೂರ ಬಿಸಿಲು ಅದರ ತಲೆಗೂ ಏರಿತೋ ಏನೋ, ಮೇ ತಿಂಗಳಲ್ಲಿ ಮುಟ್ಟದಿದ್ದರೂ ಹೇಳತೊಡಗಿತು. ಪಲ್ಲು ಅದಕ್ಕೆ ರೋಜಿ ಎಂದು ಹೆಸರಿಟ್ಟಳು.

ಇಲ್ಲಿ ಒಂದು ಮಾತು ಹೇಳಬೇಕು. ಸಿನಿಮಾದವರು ಭಯವನ್ನೆಲ್ಲ ನಡುರಾತ್ರಿಗೆ ಇಟ್ಟಿದ್ದಾರೆ. ಅವರು ರಾಯಚೂರಿನಲ್ಲಿ ಬೇಸಿಗೆ ಕಳೆದವರಲ್ಲ. ಇಲ್ಲಿ ಬೇಸಿಗೆಯ ರಾತ್ರಿ ಎಂದರೆ ಜಾತ್ರೆ. ಓಣಿಗೆ ಓಣಿಯೇ ಮಲಗಲು ಮಾಳಿಗೆ ಏರಿರುತ್ತದೆ. ಒಬ್ಬರು ಕೆಮ್ಮಿದರೆ ನಾಲ್ಕು ಮನೆಯಿಂದ ‘ನೀರ ಕುಡೀರಿ’ ಎಂಬ ಉತ್ತರ ಬರುತ್ತದೆ. ದೆವ್ವ ಬಂದರೂ ಅದಕ್ಕೊಂದು ಚಾಪೆ ಹಾಸಿ ಯಾವೂರು ಎಂದು ಕೇಳುತ್ತಾರೆ. ನಿಜವಾದ ನಿರ್ಜನ ಹೊತ್ತು ಮಧ್ಯಾಹ್ನದ್ದು. ಊಟವಾದ ಮೇಲೆ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಕಿಟಕಿಗೆಲ್ಲ ಒದ್ದೆ ಬಟ್ಟೆ, ಒಳಗೆ ಅರೆಗತ್ತಲು, ಕರೆಂಟು ಹೋಗಿ ಫ್ಯಾನು ನಿಧಾನವಾಗಿ ನಿಲ್ಲುತ್ತದೆ. ಅಂಗಡಿ ಮಧ್ಯಾಹ್ನ ಮುಚ್ಚುವುದರಿಂದ ನಾನು ಮನೆಗೆ ಬಂದು ಮಲಗುತ್ತೇನೆ. ಅಕ್ಕ ಪಲ್ಲುವನ್ನು ಕರೆದುಕೊಂಡು ಹೊಲಿಗೆ ಕ್ಲಾಸಿಗೆ ಹೋಗಿರುತ್ತಾಳೆ. ಮನೆಯಲ್ಲಿ ನಾನು ಮತ್ತು ರೋಜಿ.

ಫ್ಯಾನು ನಿಂತ ಆ ಮೌನದಲ್ಲಿ, ಮೂಲೆಯಿಂದ ‘ಮೇರೇ ಸಾಥ್ ಖೇಲೋ’ ಎಂದು ಬಂದರೆ ನೀವೇನು ಮಾಡುತ್ತೀರಿ? ನಾನು ಎದ್ದು ಹೋಗಿ ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದೆ. ಅಕ್ಕ ಬರುವ ಹೊತ್ತಿಗೆ ಮತ್ತೆ ಈ ಕಡೆ ತಿರುಗಿಸಿಡುತ್ತಿದ್ದೆ. ಪಲ್ಲುವಿನ ದೃಷ್ಟಿಯಲ್ಲಿ ನಾನು ದೆವ್ವದ ಸಿನಿಮಾಗಳನ್ನು ಒಬ್ಬನೇ ಕೂತು ನೋಡುವ ಧೀರ. ಓಣಿಯ ಹುಡುಗರ ಮುಂದೆ ‘ನಮ್ಮ ಮಾಮಾ ಯಾರಿಗೂ ಅಂಜಂಗಿಲ್ಲ’ ಎಂದು ಅವಳು ಪಣ ಕಟ್ಟುತ್ತಿದ್ದಳು. ಮನೆಯಲ್ಲಿ ನನಗಿದ್ದ ಮರ್ಯಾದೆ ಅದೊಂದೇ. ಅದೂ ಒಂದು ಪ್ಲಾಸ್ಟಿಕ್ಕಿನ ಕೈಯಲ್ಲಿತ್ತು.

ಬ್ಯಾಟರಿ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ತೆಗೆದೆ. ತೆಗೆದು ಮಲಗಿದ ಮೇಲೆ ಒಂದು ವಿಚಾರ ಹೊಳೆಯಿತು. ಬ್ಯಾಟರಿ ಇರುವ ಗೊಂಬೆ ಮಾತಾಡಿದರೆ ಅದು ಬ್ಯಾಟರಿ. ಬ್ಯಾಟರಿ ಇಲ್ಲದ ಗೊಂಬೆ ಮಾತಾಡಿದರೆ? ಎದ್ದು ಹೋಗಿ ನಾನೇ ಮತ್ತೆ ಹಾಕಿದೆ.

ಜೂನ್ ಬಂತು, ಮಳೆ ಬರಲಿಲ್ಲ. ಆಗ ದೇವದುರ್ಗದಿಂದ ನಮ್ಮವ್ವ ಬಂದಳು. ಅವಳ ತವರು ಮಸರಕಲ್. ಅವಳು ಹುಡುಗಿಯಾಗಿದ್ದಾಗ ಮಳೆ ತಡವಾದರೆ ಓಣಿಯ ಹುಡುಗಿಯರೆಲ್ಲ ಸೇರಿ ಗೊಂಬೆಗಳ ಮದುವೆ ಮಾಡುತ್ತಿದ್ದರಂತೆ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಅರಿಶಿನ, ಅಕ್ಕಿಕಾಳು, ಬೀಗರ ಜಗಳ ಎಲ್ಲವೂ ಇತ್ತಂತೆ. ಮದುವೆಯಾದ ಗೊಂಬೆ ಗಂಡಿನ ಮನೆಗೆ ಹೋಗುತ್ತಿತ್ತಂತೆ.

“ಹೋಗಿಬಿಡ್ತಿತ್ತೇನು?” ಎಂದು ನಾನು ಎದ್ದು ಕೂತೆ.

“ಮತ್ತ? ಲಗ್ನ ಆದ ಹೆಣ್ಣ ಮಗಳ್ನ ಮನ್ಯಾಗ ಇಟ್ಕೋತಾರೇನ್ಲೇ?” ಎಂದಳು ಅವ್ವ.

ಮಳೆಯ ಬಗ್ಗೆ ನಾನು ಅಷ್ಟು ಕಾಳಜಿ ತೋರಿಸಿದ್ದು ಅದೇ ಮೊದಲು. ರೈತರ ಕಷ್ಟ, ಬಿತ್ತನೆಯ ವಿಚಾರ, ಅಂಗಡಿಯಲ್ಲಿ ಹಾಗೇ ಉಳಿದ ಹತ್ತಿಬೀಜ ಎಲ್ಲವನ್ನೂ ಪಲ್ಲುವಿಗೆ ವಿವರಿಸಿದೆ. ರೋಜಿಯ ಮದುವೆಗೆ ಅವಳು ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, “ಹ್ಞೂಂ, ಕೊಡೋಣು” ಎಂದಳು. ಈಗಿನ ಮಕ್ಕಳಿಗೆ ಆಟಿಕೆಗಳ ಮೇಲೆ ಮಮತೆಯೇ ಇಲ್ಲ ಎಂದು ಅಂದು ದಿನಚರಿಯಲ್ಲಿ ಬರೆದೆ.

ವರ ಮಾನ್ವಿಯವನು. ಹೋದ ವರ್ಷದವರೆಗೆ ನಮ್ಮ ಪಕ್ಕದ ಮನೆಯಲ್ಲೇ ಇದ್ದ, ಈಗ ಮಾನ್ವಿಗೆ ಹೋಗಿರುವ ಅಂಕಿತಾ ಎಂಬ ಪಲ್ಲುವಿನ ಗೆಳತಿಯ ಗೊಂಬೆ. ಒಂದು ಭಾನುವಾರ ಅಂಕಿತಾ ತನ್ನ ತಾಯಿಯೊಡನೆ ವರನನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಿಂದಿಳಿದಳು. ಅವ್ವ ಕನ್ನಡಕ ಏರಿಸಿ ನೋಡಿದಳು.

“ವರ ಕರಡಿ ಇದ್ದಂಗ ಅದಾನಲ್ಲಬೇ?”

“ಕರಡೀನೇ ರೀ ಅಜ್ಜಿ” ಎಂದಳು ಅಂಕಿತಾ.

“ಇರಲಿ ಬಿಡು. ಗಂಡಸರು ಹಂಗ ಇರತಾರ” ಎಂದಳು ಅವ್ವ.

ಓಣಿಯಲ್ಲಿ ಬಳೆ ಮಾರುವ ಮೆಹಬೂಬಿ ಖಾಲಾ ಕೂಡ ಬಂದರು. ಅವರ ಮನೆಯಲ್ಲೂ ಚಿಕ್ಕಂದಿನಲ್ಲಿ ಗುಡ್ಡಾ-ಗುಡಿಯಾ ಶಾದಿ ಎಂದು ಗೊಂಬೆ ಮದುವೆ ಮಾಡುತ್ತಿದ್ದರಂತೆ, ಎಲ್ಲ ಕ್ರಮ ಗೊತ್ತು. ಮಗುವಿನ ಅಳತೆಯ ಹಸಿರು ಬಳೆ ತಂದು ರೋಜಿಯ ಕೈಗೆ ಏರಿಸಿ, “ಅಯ್ಯೋ ಅಮ್ಮಾ, ಕೈ ಎಷ್ಟು ನಾಜೂಕ್ ಅದ ನೋಡ್ರಿ. ಬಳಿ ಹಾಕೋವಾಗ ಅಳಲಿಲ್ಲ, ಭಾರೀ ಶಾಣ್ಯಾಕಿ” ಎಂದರು. ರೋಜಿಯ ಅರ್ಧಗಣ್ಣು ನನ್ನನ್ನೇ ನೋಡುತ್ತಿತ್ತು. ಇದೆಲ್ಲ ಯಾರ ಕಿತಾಪತಿ ಎಂದು ಅದಕ್ಕೆ ಗೊತ್ತಿದ್ದಂತಿತ್ತು.

ಮುಹೂರ್ತದ ಹೊತ್ತಿಗೆ ಅವ್ವ, “ಸ್ವಾದರಮಾವ ಎಲ್ಲಿ? ಹೆಣ್ಣ ಎತ್ಕೊಂಡ ಬರಬೇಕು” ಎಂದಳು. ರೋಜಿಯ ತಾಯಿ ಪಲ್ಲು. ಪಲ್ಲುವಿಗೆ ಅಣ್ಣತಮ್ಮಂದಿರಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಲೆಕ್ಕದ ಪ್ರಕಾರ ನಾನು ವಧುವಿಗೆ ಅಜ್ಜನ ಸಾಲಿನವನು, ಮದುವೆಯಾಗದೆಯೇ ಅಲ್ಲಿಯವರೆಗೆ ಹೋಗಿದ್ದೆ. ಆದರೂ ಆ ಕೆಲಸಕ್ಕೆ ಬೇರೆ ಗಂಡಸರಿರಲಿಲ್ಲ. ಭಾವ ಊರಲ್ಲಿರಲಿಲ್ಲ, ಗೊಂಬೆ ತಂದವರು ಸಿನಿಮಾದಲ್ಲೂ ಸಮಯಕ್ಕೆ ಇರುವುದಿಲ್ಲ. ನಾನು ರೋಜಿಯನ್ನು ಎತ್ತಿ ಕೈ ಚಾಚಿ ಹಿಡಿದುಕೊಂಡು ಬಂದೆ.

“ಹಂಗ ಹಿಡೀತಾರೇನ್ಲೇ, ಸತ್ತ ಇಲಿ ಹಿಡಿದಂಗ? ಎದಿಗಿ ಹಚ್ಕೊ!” ಎಂದು ಅವ್ವ ಗದರಿದಳು.

ಎದೆಗೆ ಹಚ್ಚಿಕೊಂಡೆ. ‘ಮೇರೇ ಸಾಥ್ ಖೇಲೋ’ ಎಂದು ನನ್ನ ಕಿವಿಯಲ್ಲೇ ಹೇಳಿತು. ಅಕ್ಕಿಕಾಳು ಬಿದ್ದವು, ಮದುವೆ ಮುಗಿಯಿತು. ಸಂಜೆಯ ಬಸ್ಸಿಗೆ ರೋಜಿ ಕರಡಿಯ ಜೊತೆ ಅದೇ ಚೀಲದಲ್ಲಿ ಮಾನ್ವಿಗೆ ಹೋದಳು. ಪಲ್ಲು ಅಳಲಿಲ್ಲ. ಮರುದಿನ ಮಧ್ಯಾಹ್ನ ನಾನು ನಾಲ್ಕರವರೆಗೆ ಹೊರಳದೆ ಮಲಗಿದೆ. ಮಳೆ ಆ ವಾರವೂ ಬರಲಿಲ್ಲ. ನಂತರ ಯಾವಾಗಲೋ ತನ್ನ ಪಾಡಿಗೆ ತಾನು ಬಂತು. ಅವ್ವ ಮಾತ್ರ ಅದನ್ನು ಕರಡಿಯ ಖಾತೆಗೇ ಹಾಕಿದಳು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ನಾನು ಸಿನಿಮಾದ ನಿಯಮಗಳನ್ನು ಕಲಿತಷ್ಟು ಚೆನ್ನಾಗಿ ನಮ್ಮ ಕಡೆಯ ಹಬ್ಬಗಳನ್ನು ಕಲಿತಿರಲಿಲ್ಲ. ಶ್ರಾವಣ ಬಂತು. ಅವ್ವ ನಾಗರ ಪಂಚಮಿಯ ಉಂಡಿ ಕಟ್ಟಲು ಮತ್ತೆ ರಾಯಚೂರಿಗೆ ಬಂದಳು. ಬಂದವಳೇ, “ಮಾನ್ವಿಗಿ ಯಾವಾಗ ಹೊಂಟೀ?” ಎಂದು ಕೇಳಿದಳು.

“ಮಾನ್ವಿಗಿ ಯಾಕಬೇ?”

“ಲಗ್ನ ಆಗಿ ಮೊದಲನೇ ಪಂಚಮಿ. ಹೆಣ್ಣ ಮಗಳು ತವರಿಗಿ ಬರಬೇಕೋ ಬ್ಯಾಡೋ? ಕರಿಯಾಕ ಗಂಡಸರು ಹೋಗಬೇಕು.”

“ಅದು ಗೊಂಬಿ ಬೇ!”

“ಲಗ್ನ ಮಾಡಿದಾಗ ಗೊಂಬಿ ಇರಲಿಲ್ಲೇನು?”

ಅಂಗಡಿಗೆ ಅರ್ಧ ದಿನ ರಜೆ ಹಾಕಿದೆ. ಕಾರಣ ಏನೆಂದು ಮಾಲೀಕರು ಕೇಳಿದರು, ‘ಹೆಣ್ಣ ಮಗಳ್ನ ಕರಿಯಾಕ ಹೋಗಬೇಕ್ರಿ’ ಎಂದೆ. ‘ಹೋಗಿ ಬರ್ರಿ, ಅದಕ್ಯಾರು ಬ್ಯಾಡಂತಾರ’ ಎಂದರು.

ಮಾನ್ವಿಯಲ್ಲಿ ಅಂಕಿತಾಳ ತಾಯಿ ನನಗೆ ಚಹಾ ಕೊಟ್ಟು, ರೋಜಿಗೆ ಹೊಸ ಸೀರೆಯ ತುಂಡು ಉಡಿಸಿ, ಉಡಿಯಲ್ಲಿ ಕೊಬ್ಬರಿ ಹಾಕಿ ಕಳಿಸಿದರು. ಚೀಲ ಕೇಳಿದೆ. “ಹಬ್ಬಕ್ಕ ಹೊಂಟಾಕಿನ್ನ ಚೀಲದಾಗ ಒಯ್ಯತಾರೇನ್ರಿ?” ಎಂದರು. ಬಸ್ಸು ತುಂಬಿತ್ತು, ಎಲ್ಲರೂ ತವರಿಗೆ ಹೊರಟ ಹೆಂಗಸರು, ಕರೆಯಲು ಬಂದ ಅಣ್ಣತಮ್ಮಂದಿರು. ನಾನು ರೋಜಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತೆ. ಪಕ್ಕದಲ್ಲಿ ಕುರ್ಡಿ ಊರಿನ ಒಬ್ಬ ಮುದುಕಿ ಬಂದು ಕೂತಳು. ರೋಜಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಯಾರ ಮಗಳೋ ಯಪ್ಪಾ?”

“ನಮ್ಮ ಅಕ್ಕನ ಮಗಳ ಮಗಳು.”

“ಪಂಚಮಿಗಿ ಹೊಂಟಾಳೇನು?”

“ಹೌದಬೇ.”

ಮುದುಕಿ ನಗಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ರೋಜಿಯ ಸೆರಗು ಜಾರಿತ್ತು, ಸರಿ ಮಾಡಲು ಕೈ ಹಚ್ಚಿದಳು. ‘ಮಮ್ಮೀ, ಮೇರೇ ಸಾಥ್ ಖೇಲೋ!’ ಇಡೀ ಬಸ್ಸು ತಿರುಗಿ ನೋಡಿತು. ಮುದುಕಿ ಒಂದಿಷ್ಟೂ ಬೆಚ್ಚದೆ, “ಅತ್ತಿ ಮನ್ಯಾಗ ಹಿಂದಿ ಕಲ್ತಾಳ” ಎಂದಳು. ಬಸ್ಸು ನಕ್ಕಿತು. ನಾನೂ ನಕ್ಕೆ. ರೋಜಿ ತೊಡೆಯ ಮೇಲಿರುವುದು ರಾಯಚೂರು ಬರುವವರೆಗೆ ನನಗೆ ಮತ್ತೆ ನೆನಪಾಗಲಿಲ್ಲ.

ಆದರೆ ಬಸ್ಸು ಬೇರೆ, ಮಧ್ಯಾಹ್ನ ಬೇರೆ. ಹಬ್ಬದ ದಿನ ಉಂಡಿ ತಿಂದು ಮಲಗಿದ್ದೆ. ಎಚ್ಚರವಾದಾಗ ಮನೆ ಸದ್ದಿಲ್ಲದೆ ಇತ್ತು. ಎದುರಿನ ಬಾಗಿಲ ಚೌಕಟ್ಟಿಗೆ ಪಲ್ಲು ಪಂಚಮಿಯ ಜೋಕಾಲಿ ಕಟ್ಟಿದ್ದಳು. ಅದರ ಮೇಲೆ ರೋಜಿ ಒಬ್ಬಳೇ ಕೂತು, ಹಸಿರು ಬಳೆ ತೊಟ್ಟು, ಅರ್ಧಗಣ್ಣು ತೆರೆದು, ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ತೂಗುವವರು ಯಾರೂ ಕಾಣಲಿಲ್ಲ. ನಾನು ಎಷ್ಟೋ ಸಿನಿಮಾಗಳಲ್ಲಿ ಕಣ್ಣು ಮುಚ್ಚಿಕೊಂಡದ್ದು ಇದೇ ದೃಶ್ಯಕ್ಕೆ. ಹೊದಿಕೆ ತಲೆಯ ಮೇಲೆ ಎಳೆದುಕೊಂಡು ಮುದುಡಿದೆ.

“ಅಂಜಿದೇನು ಮಾಮಾ?” ಬಾಗಿಲ ಹಿಂದೆ ಹಗ್ಗ ಹಿಡಿದು ನಿಂತಿದ್ದ ಪಲ್ಲು ಇಣುಕಿದಳು.

“ಏ, ಇಲ್ಲ. ಸೊಳ್ಳಿ ಭಾಳ ಅದಾವ.”

“ಸುಳ್ಳ ಹೇಳಬ್ಯಾಡ. ನನಗ ಗೊತ್ತದ. ನೀ ದಿನಾ ಆಕಿ ಮಾರಿ ಗ್ವಾಡಿ ಕಡಿ ಮಾಡತಿದ್ದಿ. ಆಕಿ ಕೂದಲಕ್ಕ ಸುಣ್ಣ ಹತ್ತಿರತಿತ್ತು.” ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, “ಅದಕ್ಕ ಲಗ್ನಕ್ಕ ಹ್ಞೂಂ ಅಂದೆ. ನಿನಗ ನಿದ್ದಿ ಬರಲಿ ಅಂತ” ಎಂದಳು.

ನಾನು ಹೊದಿಕೆಯಿಂದ ತಲೆ ಹೊರಗೆ ಹಾಕಿದೆ. “ಹುಡುಗರ ಮುಂದ ಹೇಳೀಯೇನು?” ಎಂದು ಕೇಳಿದೆ. ನಾಚಿಕೆಯ ಮಾತು, ಮೊದಲು ಬಾಯಿಗೆ ಬಂದದ್ದು ಅದೇ.

“ಹುಚ್ಚ ಅದೀಯೇನು? ಪಣ ಕಟ್ಟೀನಿ” ಎಂದಳು ಪಲ್ಲು. “ನಾಳಿ ಮಾನ್ವಿಗಿ ಕಳಿಸೋಣೇನು ಆಕಿನ್ನ?”

“ಬ್ಯಾಡ” ಎಂದೆ. “ಇಲ್ಲೇ ಇರಲಿ. ನೀ ಆಡು.”

ಪಲ್ಲುವಿನ ಮುಖ ನೋಡಿದಾಗ ಆ ಹುಡುಗಿ ಎರಡು ತಿಂಗಳು ಎಷ್ಟು ಬಿಗಿಹಿಡಿದಿದ್ದಳು ಎಂದು ತಿಳಿಯಿತು. ಈಗಿನ ಮಕ್ಕಳ ಬಗ್ಗೆ ಬರೆದ ಆ ಸಾಲನ್ನು ಅಂದೇ ಹೊಡೆದುಹಾಕಿದೆ. ಸಿನಿಮಾಗಳಲ್ಲಿ ಹೊರಹಾಕಿದ ಗೊಂಬೆ ತಾನಾಗಿಯೇ ನಡೆದು ಮನೆಗೆ ಬರುತ್ತದೆ. ನಮ್ಮ ರೋಜಿಗೆ ಆ ಶ್ರಮವನ್ನೂ ಕೊಡದೆ ನಾನೇ ರಜೆ ಹಾಕಿ, ಟಿಕೆಟ್ಟು ತೆಗೆಸಿ, ತೊಡೆಯ ಮೇಲೆ ಕೂಡಿಸಿಕೊಂಡು ಕರೆತಂದಿದ್ದೆ. ಹಾಗೆ ಬಂದವಳನ್ನು ಮತ್ತೆ ಕಳಿಸುವುದು ಸರಿಯಲ್ಲ.

ಪಲ್ಲು ನನ್ನ ಉಪಕಾರವನ್ನು ಮರೆಯುವವಳಲ್ಲ. ಮರುದಿನ ಹೊಲಿಗೆ ಕ್ಲಾಸಿಗೆ ಹೋಗುವ ಮುಂಚೆ, ಮಾಮಾಗೆ ಅಂಜಿಕೆಯಾಗಬಾರದೆಂದು, ನನ್ನದೇ ಬಿಳಿಯ ಕರವಸ್ತ್ರವನ್ನು ರೋಜಿಯ ಮುಖದ ಮೇಲೆ ಹೊದಿಸಿ, ಅವಳನ್ನು ನನ್ನ ಎದುರಿಗೆ ಕುರ್ಚಿಯ ಮೇಲೆ ಕೂಡಿಸಿ ಹೋದಳು. ಮೊದಲಾದರೆ ಒಂದು ಕಣ್ಣು ಅರ್ಧ ತೆರೆದಿದೆ ಎಂಬುದಾದರೂ ಗೊತ್ತಿರುತ್ತಿತ್ತು. ಈಗ ಮಧ್ಯಾಹ್ನ ಕರೆಂಟು ಹೋಗುತ್ತದೆ, ಫ್ಯಾನು ನಿಲ್ಲುತ್ತದೆ, ನಾನು ಎದ್ದು ಹೋಗಿ, ಬೆರಳ ತುದಿಯಿಂದ ಕರವಸ್ತ್ರವನ್ನು ಎತ್ತಿ, ‘ಎಚ್ಚರ ಇದ್ದೀಯೇನವ್ವಾ?’ ಎಂದು ಕೇಳಿ ಬಂದು ಮಲಗುತ್ತೇನೆ.