ಸಿದ್ದರಾಜುವಿನ ಕಾರ್ಡು ಕಳೆದ ಪ್ರಸಂಗ

ನಂಜನಗೂಡಿನಲ್ಲಿ ಇಪ್ಪತ್ತೆಂಟು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು ನಾನು. ಆದ್ದರಿಂದ ಕಂಪ್ಯೂಟರು, ಮೊಬೈಲು ಎಲ್ಲವೂ ನನ್ನ ಮಾತು ಕೇಳುತ್ತವೆಂದು ದೃಢವಾಗಿ ನಂಬಿದ್ದೆ. ಹೆಂಡತಿ ನಾಗರತ್ನ ಮಾತ್ರ ಕೇಳುತ್ತಿರಲಿಲ್ಲ.

ಟಿ. ನರಸೀಪುರದ ಸಿದ್ದರಾಜು ನನ್ನ ಇಸ್ಪೀಟಿನ ಜೊತೆಗಾರ. ಡಯಾಲಿಸಿಸ್ ಶುರುವಾಗಿ ಅವನ ಓಡಾಟ ನಿಂತಾಗ, ಆಸ್ಪತ್ರೆಯ ಮಂಚದಿಂದಲೇ ಮೊಬೈಲಿನಲ್ಲಿ ಹೊಸ ಆಟವೊಂದನ್ನು ಹುಡುಕಿದ. ಗೂಳಿ, ಗರುಡ, ಮೊಸಳೆಗಳ ಚಿತ್ರವಿರುವ ಕಾರ್ಡುಗಳು. ಅವನ್ನು ಕೊಳ್ಳಲು ಮೊದಲು ಕ್ರಿಪ್ಟೋ ಎಂಬ ಕಣ್ಣಿಗೆ ಕಾಣದ ನಾಣ್ಯ ಕೊಳ್ಳಬೇಕು.

"ಕಾಣದ ದುಡ್ಡಿಗೆ ಮುಟ್ಟಕ್ಕಾಗದ ಕಾರ್ಡೇನ್ಲಾ?" ಎಂದೆ.

"ಲೇ, ಇವು ನಮ್ಮವೇ ಕಣ್ಲಾ. ಯಾವ ಕಾರ್ಡು ಯಾರ್ದು ಅಂತ ಬ್ಲಾಕ್‌ಚೈನಲ್ಲಿ ಬರ್ದಿರ್ತದೆ. ಸಾವಿರಾರು ಕಂಪ್ಯೂಟರ್ ಅದ್ಕೆ ಸಾಕ್ಷಿ. ಯಾರೂ ಅಳ್ಸಂಗಿಲ್ಲ!"

ಹೀಗೆ ನಾನೂ ಕ್ರಿಪ್ಟೋ ಪ್ರಪಂಚಕ್ಕೆ ಪಾದಾರ್ಪಣೆ ಮಾಡಿದೆ. ವಾರಕ್ಕೆ ಮೂರು ದಿನ ಅವನು ಸೂಜಿ ಚುಚ್ಚಿಸಿಕೊಂಡು ಮಲಗುತ್ತಿದ್ದ. ನಾನು ಇಲ್ಲಿಂದ ಆಡಿ ಸೋಲುತ್ತಿದ್ದೆ. ಗೆದ್ದಾಗಲೆಲ್ಲ ಅವನು ಆಟದಲ್ಲೇ "ಎದ್ದು ಮನೆಗೋಗ್ಲಾ" ಎಂದು ಬರೆದು ಕಳಿಸುತ್ತಿದ್ದ. ನಾನು ಮನೆಯಲ್ಲೇ ಇರುತ್ತಿದ್ದೆ!

ಕಳೆದ ವರ್ಷ ಅವನು ತೀರಿಕೊಂಡ.

ತಿಂಗಳಾದ ಮೇಲೆ ಅವನ ಹೆಂಡತಿ ರಾಜಮ್ಮ ಕರೆಸಿ, ಅವನ ಫೋನನ್ನು ಮುಂದಿಟ್ಟರು.

"ಅಣ್ಣ, ಅವ್ರು ಇದ್ರಲ್ಲೇ ಮುಳುಗೋಗಿದ್ರು. ಅಂಥದ್ದೇನದೆ ಅಂತ ನಾನೂ ಒಂದ್ಸಲ ನೋಡ್ಬೇಕು. ತೆಗ್ದು ಕೊಡ್ತೀರಾ?"

ಆಟ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಯಾರಿಗೂ ಗೊತ್ತಿಲ್ಲ. ಆದರೆ ಅವನ ಡೈರಿಯಲ್ಲಿ ಹನ್ನೆರಡು ಇಂಗ್ಲಿಷ್ ಪದಗಳಿದ್ದವು. ಆ ಕಾರ್ಡುಗಳ ಬೀಗದ ಕೈ ಅದೇ.

"ಐದು ನಿಮಿಷದ ಕೆಲಸ ಕಣಮ್ಮ!" ಎಂದು ಎರಡನ್ನೂ ಮನೆಗೆ ತಂದೆ.

"ರೀ, ಗೊತ್ತಿರೋರನ್ನ ಕೇಳಿ" ಎಂದಳು ನಾಗರತ್ನ.

"ಗೊತ್ತಿರೋನು ನಾನೇ ಕಣೇ!"

ಹಾಗೆಂದವನು, ಆ ಪದಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಗುಟ್ಟಾಗಿ ಇಂಟರ್ನೆಟ್ಟಿನಲ್ಲಿ ಸಹಾಯ ಹುಡುಕಿದೆ. 'ಸಹಾಯ ಕೇಂದ್ರ' ಎಂದೊಂದು ಪುಟ ತೆರೆಯಿತು. ಅಲ್ಲೊಬ್ಬ ಮಹಾಶಯ ಇಂಗ್ಲಿಷಿನಲ್ಲಿ ಸಂತಾಪ ಸೂಚಿಸಿದ. ಅಷ್ಟು ವಿನಯವಾಗಿ ನನ್ನ ನೆಂಟರೂ ಮಾತಾಡಿಸಿಲ್ಲ! ಆಮೇಲೆ, ಪರಿಶೀಲನೆಗೆಂದು ಹನ್ನೆರಡು ಪದ ಕೇಳಿದ. ಒಂದೂ ಸ್ಪೆಲಿಂಗ್ ತಪ್ಪಿಲ್ಲದೆ ಟೈಪು ಮಾಡಿ ಕಳಿಸಿದೆ.

ಹೊಸ ಪಾಸ್‌ವರ್ಡ್ ಬಂತು. ಆಟ ತೆರೆಯಿತು! ಸಿದ್ದರಾಜು ಮೂರು ವರ್ಷ ಕೂಡಿಹಾಕಿದ್ದ ಕಾರ್ಡುಗಳು ಸಾಲಾಗಿ ನಿಂತಿದ್ದವು.

"ಬಾರೇ, ನೋಡು ಬಾ!" ಎಂದು ಕೂಗಿದೆ.

ಅವಳು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮೊಸಳೆ ಮಾಯ. ಗರುಡ ಮಾಯ. ಕೊನೆಗೆ ಗೂಳಿಯೂ ಹೋಯಿತು.

"ಎಲ್ರೀ?" ಎಂದಳು.

ಬೀಗದ ಕೈ ಸಿಕ್ಕ ಆ ಮಹಾಶಯ ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಕೊಂಡಿದ್ದ. ಪೊಲೀಸ್ ಠಾಣೆಗೆ ಓಡಿದೆ.

"ಏನು ಕಳೆದಿರೋದು?" ಎಂದರು.

"ಮೊಸಳೆ, ಗರುಡ, ಗೂಳಿ..." ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ರಾಜಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ನರಸೀಪುರಕ್ಕೆ ಹೋಗಿ ತಲೆತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನಾನು ಕೊಟ್ಟ ಖಾಲಿ ಫೋನನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟರು.

"ಓಗ್ಲಿ ಬುಡಣ್ಣ. ಅವ್ರೂ ಒಂದ್ಸಲ ಇಂಗೇ ಎಲ್ಲಾನೂ ಕಳ್ಕಂಡು, ಮತ್ತೆ ಮೊದ್ಲಿಂದ ಕೂಡಾಕಿದ್ರು. 'ಅವ್ನಿಗೆ ಏಳ್ಬ್ಯಾಡ, ನಗ್ತಾನೆ' ಅಂದಿದ್ರು."

ನಾನು ನಗುತ್ತಿದ್ದೆ, ನಿಜ. ಆಗ ನಕ್ಕಿದ್ದರೆ ಇಬ್ಬರಿಗೂ ಬುದ್ಧಿ ಬರುತ್ತಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ತಡೆಯಲಾಗಲಿಲ್ಲ. ಆಟ ತೆರೆದು, ಸಿದ್ದರಾಜುವಿನ ಹೆಸರೊತ್ತಿ, "ನೀನೂ ಬಿದ್ದಿದ್ದೆ ಅಂತ ನಂಗ್ಯಾಕ್ಲಾ ಹೇಳ್ಲಿಲ್ಲ?" ಎಂದು ಬರೆದು ಕಳಿಸಿಬಿಟ್ಟೆ.

ಅವನ ಹೆಸರಿನಿಂದಲೇ ಉತ್ತರ ಬಂತು! ಕಣ್ಣೊರೆಸಿಕೊಂಡು ಓದಿದೆ. ಇಂಗ್ಲಿಷಿನಲ್ಲಿತ್ತು: 'ಸರ್, ನಿಮ್ಮ ಹತ್ತಿರ ಎಷ್ಟು ಕಾರ್ಡುಗಳಿವೆ?'

ಬರೆದವನು ಅವನ ಖಾತೆಗೆ ನುಗ್ಗಿ ಕೂತಿದ್ದ ಆ 'ಸಹಾಯ ಕೇಂದ್ರ'ದ ಕಳ್ಳನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಹೆಸರಿನಿಂದ ಇನ್ನೊಂದು ಸಾಲು ಬರಲಿ ಎಂದು ಉತ್ತರ ಟೈಪು ಮಾಡತೊಡಗಿದೆ. ಇಂಥ ದಡ್ಡ ನಾನು!